ತೀರ್ಪುಗಾರರ ಪೀಠದಲ್ಲಿ ವರ್ತಕರಿಗೇನು ಕೆಲಸ?

ಪ್ರತಿವರ್ಷ ಶಾಲಾ ಕಾಲೇಜುಗಳು ಪುನರಾರಂಭಗೊಂಡು ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಸದಸ್ಯರ ಅಂಗಡಿ, ಕಚೇರಿ ಮತ್ತು ಕಾರ್ಖಾನೆಗಳಿಗೆ ವಿದ್ಯಾಸಂಸ್ಥೆಗಳಿಂದ ಪತ್ರಗಳು ಬರಲಾರಂಭಿಸುತ್ತವೆ. ಅಂತರಕಾಲೇಜು ಚರ್ಚಾ ಸ್ಪರ್ಧೆಯ ಪರ್ಯಾಯ ಪಾರಿತೋಷಕದ ವೆಚ್ಚವನ್ನು ವಹಿಸಿಕೊಳ್ಳಬೇಕೆಂದು ಒಂದು ಪತ್ರ ಕೋರುತ್ತದೆ. ಸ್ಮರಣ ಸಂಚಿಕೆಗೆ ಜಾಹೀರಾತು ನೀಡಬೇಕೆಂದು ಇನ್ನೊಂದು, ಬಹುಮಾನ ವಿತರಣೆಗೆ ಮುಖ್ಯ ಅತಿಥಿಯಾಗಿ ಆಗಮಿಸಬೇಕೆಂದು ಮತ್ತೊಂದು. ಇವಾವುದಕ್ಕೂ ನಮ್ಮವರು ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಆದರೆ ಅಪರೂಪಕ್ಕೊಮ್ಮೆ ನಾಲ್ಕನೆಯ ಬಗೆಯ ಪತ್ರವೊಂದು ಬರುತ್ತದೆ. ಸ್ಪರ್ಧೆಯ ತೀರ್ಪುಗಾರರಾಗಿ ಅರ್ಧ ದಿನ ಕುಳಿತುಕೊಡಬೇಕೆಂಬುದು ಅದರ ಕೋರಿಕೆ. ಅದಕ್ಕೆ ಮಾತ್ರ ನಮ್ಮ ಉತ್ತರ ಸಿದ್ಧವಾಗಿರುತ್ತದೆ: ಅದು ಅಧ್ಯಾಪಕರ, ವಕೀಲರ, ಸಾಹಿತಿಗಳ ಕೆಲಸ; ವ್ಯಾಪಾರ ಮಾಡುವ ನಮಗೆ ಅಲ್ಲೇನು ಕೆಲಸ?

ಈ ಉತ್ತರ ವಿನಯದಿಂದ ಬಂದದ್ದಿರಬಹುದು. ಆದರೆ ಅದು ಸರಿಯಾದುದಲ್ಲ ಎಂಬುದು ಈ ಲೇಖನದ ಅಭಿಪ್ರಾಯ. ವಿದ್ಯಾರ್ಥಿಗಳಿಗೆ ನಾವು ಕೊಡುವ ಪಾರಿತೋಷಕಕ್ಕಿಂತ ನಮ್ಮ ಮೂರು ಗಂಟೆಗಳ ಗಮನ ಹೆಚ್ಚು ಬೆಲೆಯುಳ್ಳದ್ದು. ಆದರೆ ಅದಕ್ಕೆ ಒಂದು ಕಟ್ಟುನಿಟ್ಟಾದ ಷರತ್ತಿದೆ. ನಮ್ಮ ಅನುಭವವನ್ನು ಒಳಗೆ ಕೊಂಡೊಯ್ದು ನಮ್ಮ ಹಿತಾಸಕ್ತಿಯನ್ನು ಹೊರಗೆ ಬಿಟ್ಟು ಹೋಗಲು ನಾವು ಸಿದ್ಧರಿರಬೇಕು.

ಸಭಾಂಗಣದಲ್ಲಿ ನಡೆಯುವುದೇನು?

ನಮ್ಮ ರಾಜ್ಯಕ್ಕೆ ಚರ್ಚಾ ಸ್ಪರ್ಧೆ ಹೊಸದಲ್ಲ. ಶಾಲಾ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ ಚರ್ಚಾ ಸ್ಪರ್ಧೆಯಿದೆ. ಕ್ಲಸ್ಟರ್ ಮಟ್ಟದಲ್ಲಿ ಗೆದ್ದ ಮಗು ತಾಲ್ಲೂಕು, ಜಿಲ್ಲೆ, ಕೊನೆಗೆ ರಾಜ್ಯ ಮಟ್ಟದವರೆಗೆ ಹೋಗಬಹುದು. ಪದವಿ ಕಾಲೇಜುಗಳಲ್ಲಿ ಸಂಸ್ಥಾಪಕರ ಸ್ಮರಣಾರ್ಥವಾಗಿಯೋ ರಾಜ್ಯೋತ್ಸವದ ಅಂಗವಾಗಿಯೋ ಸ್ಪರ್ಧೆಗಳು ನಡೆಯುತ್ತವೆ. ಸಾಮಾನ್ಯ ಪದ್ಧತಿ ನಮಗೆಲ್ಲ ತಿಳಿದದ್ದೇ. ಪ್ರತಿ ಕಾಲೇಜಿನಿಂದ ಇಬ್ಬರು, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ತಲಾ ನಾಲ್ಕು ನಿಮಿಷ. ಮೂರನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ. 20 ಕಾಲೇಜುಗಳು ಬಂದವೆಂದರೆ 40 ಮಂದಿಯ ಮಾತಿಗೇ 160 ನಿಮಿಷ ಬೇಕು. ಹೆಸರು ಕರೆಯುವ, ವೇದಿಕೆ ಏರಿಳಿಯುವ ಹೊತ್ತು ಸೇರಿದರೆ ಮೂರು ಗಂಟೆ ಮೀರುತ್ತದೆ.

ಈ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಪರವಾಗಿ ಮಾತನಾಡಿದವರು ವಿರೋಧಿಸಿದವರಿಗೆ ಉತ್ತರ ಕೊಡಬೇಕಾದ ಅಗತ್ಯವೇ ಬಹುತೇಕ ಇರುವುದಿಲ್ಲ. ಬರೆದು ಕಂಠಪಾಠ ಮಾಡಿದ ನಲವತ್ತು ಭಾಷಣಗಳು ಒಂದರ ಹಿಂದೊಂದು ಸಾಗುತ್ತವೆ. ಇದು ಚರ್ಚೆಯ ಹೆಸರಿನ ಭಾಷಣ ಸ್ಪರ್ಧೆ. ಇಂಥಲ್ಲಿ ತೀರ್ಪುಗಾರರ ಕಿವಿ ಸಹಜವಾಗಿಯೇ ಧ್ವನಿಯ ಏರಿಳಿತಕ್ಕೆ, ಗಾದೆ ಮಾತಿಗೆ, ಚಪ್ಪಾಳೆ ಗಿಟ್ಟಿಸುವ ಮುಕ್ತಾಯಕ್ಕೆ ಒಲಿಯುತ್ತದೆ. ಏನು ಹೇಳಿದರು ಎಂಬುದಕ್ಕಿಂತ ಹೇಗೆ ಹೇಳಿದರು ಎಂಬುದು ಮುಂದಾಗುತ್ತದೆ.

ಇನ್ನು ವಿಷಯಗಳನ್ನು ನೋಡಿರಿ. 2012ರಲ್ಲಿ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇಕಡಾ 51ರವರೆಗೆ ವಿದೇಶಿ ನೇರ ಬಂಡವಾಳಕ್ಕೆ ಅನುಮತಿ ದೊರೆತದ್ದು, 2016ರ ನವೆಂಬರ್ 8ರ ನೋಟು ರದ್ದತಿ, 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ, 2022ರ ಜುಲೈನಿಂದ ದೇಶಾದ್ಯಂತ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಮೇಲಿನ ನಿಷೇಧ, 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೀಡಿದ ನೋಟಿಸುಗಳು: ಇವೆಲ್ಲವೂ ಚರ್ಚಾ ವಿಷಯಗಳಾಗಲು ಹೇಳಿ ಮಾಡಿಸಿದಂಥವು. ಇವೆಲ್ಲವೂ ನಮ್ಮ ಗಲ್ಲಾಪೆಟ್ಟಿಗೆಯ ಎದುರಿನಲ್ಲಿಯೇ ನಡೆದ ಸಂಗತಿಗಳು. ಆದರೆ ಮಾತನಾಡುವ ವಿದ್ಯಾರ್ಥಿಯೂ ತೀರ್ಪು ಕೊಡುವ ಹಿರಿಯರೂ ಇವನ್ನು ಬಲ್ಲದ್ದು ಬಹುಮಟ್ಟಿಗೆ ವೃತ್ತಪತ್ರಿಕೆಯಿಂದ. ತೆರಿಗೆಯ ವಿವರಪಟ್ಟಿ ಸಲ್ಲಿಸಿದವರು, ಹಳೆಯ ನೋಟುಗಳ ಲೆಕ್ಕ ಒಪ್ಪಿಸಿದವರು, ಪ್ಲಾಸ್ಟಿಕ್ ಚೀಲಕ್ಕೆ ಬದಲಿ ಹುಡುಕಿದವರು ಆ ಸಭಾಂಗಣದಲ್ಲಿ ಇದ್ದರೂ ವೇದಿಕೆಯ ಮೇಲಿನ ಅಲಂಕೃತ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡು ಕುಳಿತಿರುತ್ತಾರೆಯೇ ಹೊರತು ಅಂಕಪಟ್ಟಿ ಹಿಡಿದು ಕುಳಿತಿರುವುದಿಲ್ಲ.

ಎರಡೂ ಕಡೆ ಕೇಳುವ ಅಭ್ಯಾಸ

ತೀರ್ಪುಗಾರರಿಗೆ ಬೇಕಾದ ಮೊದಲ ಗುಣ ವಾಗ್ಮಿತೆಯಲ್ಲ, ಕೇಳುವ ತಾಳ್ಮೆ. ಅದು ನಮ್ಮ ವೃತ್ತಿಯಲ್ಲಿಯೇ ಇದೆ. ಒಂದು ಯಂತ್ರ ಕೊಳ್ಳಬೇಕಾದರೆ ನಾವು ಎರಡು ಮೂರು ಕೊಟೇಷನ್‌ಗಳನ್ನು ತರಿಸುತ್ತೇವೆ. ಒಬ್ಬರ ಬೆಲೆ ಕಡಿಮೆ, ಆದರೆ ಬಿಡಿಭಾಗಗಳು ಸಿಗುವುದು ತಡ. ಇನ್ನೊಬ್ಬರ ಬೆಲೆ ಹೆಚ್ಚು, ಆದರೆ ಕೆಟ್ಟಾಗ ಮರುದಿನವೇ ಮೆಕ್ಯಾನಿಕ್ ಬರುತ್ತಾನೆ. ಮಾರಾಟ ಪ್ರತಿನಿಧಿಯ ನಯವಾದ ಮಾತಿಗೂ ಅವನು ತೋರಿಸುವ ಯಂತ್ರದ ಸಾಮರ್ಥ್ಯಕ್ಕೂ ಇರುವ ಅಂತರವನ್ನು ಗುರುತಿಸದವರು ವ್ಯಾಪಾರದಲ್ಲಿ ಬಹಳ ದಿನ ಉಳಿಯುವುದಿಲ್ಲ. ಪಾಲುದಾರರ ನಡುವಿನ ವ್ಯಾಜ್ಯ, ಸರಕಿನ ಗುಣಮಟ್ಟದ ತಕರಾರು, ಬಾಕಿ ವಸೂಲಿಯ ಪಂಚಾಯಿತಿ, ಇವುಗಳಲ್ಲಿ ಮಧ್ಯಸ್ಥರಾಗಿ ಕುಳಿತ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಮಾತಿನ ಹಿಂದಿನ ಲೆಕ್ಕವನ್ನು ನೋಡುವುದು ಅವರಿಗೆ ದಿನನಿತ್ಯದ ಕೆಲಸ.

ಸಾರ್ವಜನಿಕ ಚರ್ಚೆಯಲ್ಲಿ ವರ್ತಕರಿಗೆ ಸ್ಥಾನವಿರುವುದು ಈ ನಾಡಿಗೆ ಅಪರಿಚಿತವೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಭೂಹಿಡುವಳಿದಾರರ ಜೊತೆಗೆ ಪ್ರಮುಖ ವರ್ತಕರನ್ನೂ ಕರೆಸಲಾಗಿತ್ತು. ಸರ್ಕಾರದ ವಿವರಣೆಯನ್ನು ಕೇಳಿ, ಪ್ರಜೆಗಳ ಅಹವಾಲನ್ನು ಮುಂದಿಡುವ ಸಭೆಯದು. ಅಲ್ಲಿ ಕುಳಿತ ವರ್ತಕರು ವಿದ್ವಾಂಸರೆಂದು ಅಲ್ಲ, ಲೋಕವ್ಯವಹಾರ ಬಲ್ಲವರೆಂದು ಆಹ್ವಾನಿತರಾದವರು.

ವಿದೇಶದ ಒಂದು ಉದಾಹರಣೆಯೂ ಇಲ್ಲಿ ಪ್ರಯೋಜನಕಾರಿ. ಅಮೆರಿಕದಲ್ಲಿ ಪ್ರೌಢಶಾಲಾ ಚರ್ಚೆಗಳನ್ನು ಸಂಘಟಿಸುವ ರಾಷ್ಟ್ರೀಯ ಸಂಸ್ಥೆಯೊಂದು 1925ರಲ್ಲಿಯೇ ಸ್ಥಾಪನೆಯಾಯಿತು. ಇಂದು ಅದರ ಹೆಸರು ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್. ಅಲ್ಲಿಯ ಕೆಲವು ಪದ್ಧತಿಗಳಲ್ಲಿ ಚರ್ಚೆ ಕಾಲಕ್ರಮೇಣ ಪರಿಣತರ ಆಟವಾಯಿತು. ವಿದ್ಯಾರ್ಥಿಗಳು ಉಸಿರು ಬಿಡದೆ ಅತಿವೇಗದಲ್ಲಿ ಮಾತನಾಡತೊಡಗಿದರು. ಪರಿಭಾಷೆ ಬಲ್ಲ ತೀರ್ಪುಗಾರರಿಗೆ ಮಾತ್ರ ಅದು ಅರ್ಥವಾಗುವಂತಾಯಿತು. ಇದಕ್ಕೆ ಪ್ರತಿಯಾಗಿ 2002ರಲ್ಲಿ ‘ಪಬ್ಲಿಕ್ ಫೋರಂ’ ಎಂಬ ಹೊಸ ಪದ್ಧತಿಯನ್ನು ಜಾರಿಗೆ ತರಲಾಯಿತು. ವಿಶೇಷ ತರಬೇತಿಯಿಲ್ಲದ ಸಾಮಾನ್ಯ ನಾಗರಿಕರೂ ಕುಳಿತು ತೀರ್ಪು ಕೊಡಬಲ್ಲಂತೆ ಚರ್ಚೆ ಇರಬೇಕೆಂಬುದೇ ಅದರ ಮೂಲ ಉದ್ದೇಶ. ಅಲ್ಲಿಯ ಅನೇಕ ಸ್ಪರ್ಧೆಗಳಲ್ಲಿ ಪ್ರತಿ ಶಾಲೆಯೂ ತಾನು ಕಳುಹಿಸುವ ತಂಡಗಳ ಸಂಖ್ಯೆಗೆ ತಕ್ಕಂತೆ ತೀರ್ಪುಗಾರರನ್ನೂ ಕರೆತರಬೇಕು. ಹಾಗಾಗಿ ತಂದೆ ತಾಯಿಯರು ವಾರಾಂತ್ಯದಲ್ಲಿ ಈ ಸೇವೆಗೆ ಕುಳಿತುಕೊಳ್ಳುತ್ತಾರೆ. ನಾಗರಿಕನಿಗೆ ಮನವರಿಕೆಯಾಗದ ವಾದ ಪ್ರಜಾಪ್ರಭುತ್ವದಲ್ಲಿ ಪ್ರಯೋಜನಕ್ಕೆ ಬಾರದು ಎಂಬ ವಿವೇಕ ಈ ವ್ಯವಸ್ಥೆಯಲ್ಲಿದೆ.

ಅಂಗಡಿಯನ್ನು ಬಾಗಿಲ ಹೊರಗೆ ಬಿಡಬೇಕು

ಈಗ ಷರತ್ತಿನ ಮಾತಿಗೆ ಬರೋಣ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಚರ್ಚೆಯ ವಿಷಯ: ‘ಸಣ್ಣ ಕೈಗಾರಿಕೆಗಳಿಗೆ ಹಣ ಪಾವತಿಸಲು ವಿಳಂಬ ಮಾಡುವ ದೊಡ್ಡ ಕಂಪನಿಗಳಿಗೆ ದಂಡವನ್ನು ಹೆಚ್ಚಿಸಬೇಕು.’ ನಮ್ಮಲ್ಲಿ ಯಾರಿಗೆ ತಾನೆ ಈ ವಿಷಯದಲ್ಲಿ ಅಭಿಪ್ರಾಯವಿಲ್ಲ?

ಪರವಾಗಿ ಮಾತನಾಡುವ ವಿದ್ಯಾರ್ಥಿ ಆವೇಶದಿಂದ ಆರಂಭಿಸುತ್ತಾನೆ. ಸಣ್ಣ ಉದ್ಯಮಿಯ ಕಣ್ಣೀರನ್ನು ವರ್ಣಿಸುತ್ತಾನೆ. 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಒಪ್ಪಂದ ಏನೇ ಇದ್ದರೂ 45 ದಿನಗಳನ್ನು ಮೀರುವಂತಿಲ್ಲವೆಂದೂ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ ಸರಿಯಾಗಿಯೇ ಹೇಳುತ್ತಾನೆ. ಅದೂ ಸಾಲದು, ದಂಡ ಇನ್ನೂ ಹೆಚ್ಚಬೇಕು ಎಂದು ಮೇಜು ಕುಟ್ಟಿ ಮುಗಿಸುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ನಮ್ಮ ಮನಸ್ಸೂ ತಟ್ಟುತ್ತದೆ.

ಅನಂತರ ಒಬ್ಬ ವಿದ್ಯಾರ್ಥಿನಿ ವಿರೋಧವಾಗಿ ಮಾತನಾಡುತ್ತಾಳೆ. ಧ್ವನಿ ಮೆಲುವಾದದ್ದು. ಕಾನೂನು ಈಗಾಗಲೇ ಇದೆ, ಬಡ್ಡಿಯೂ ಸಾಕಷ್ಟು ಕಠಿಣವಾಗಿದೆ, ದೂರು ಸಲ್ಲಿಸಲು 2017ರಿಂದ ಸಮಾಧಾನ್ ಜಾಲತಾಣವೂ ಇದೆ ಎನ್ನುತ್ತಾಳೆ. ಆದರೂ ಸರಬರಾಜುದಾರ ದೂರು ಕೊಡಲು ಹಿಂಜರಿಯುವುದೇಕೆ? ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪುತ್ತದೆಂಬ ಭಯದಿಂದ. ದಂಡವನ್ನು ಎಷ್ಟು ಹೆಚ್ಚಿಸಿದರೂ ಈ ಭಯ ಕಡಿಮೆಯಾಗುವುದಿಲ್ಲ. ಆದ್ದರಿಂದ ಸರಬರಾಜುದಾರ ದೂರು ಕೊಡದೆಯೇ ಪಾವತಿಯಾಗುವ ವ್ಯವಸ್ಥೆ ಬೇಕೇ ಹೊರತು ದಂಡದ ಏರಿಕೆಯಲ್ಲ ಎಂದು ಮುಗಿಸುತ್ತಾಳೆ.

ಇಲ್ಲಿ ಯಾರಿಗೆ ಹೆಚ್ಚಿನ ಅಂಕ? ಕಷ್ಟದ ಬೇರನ್ನು ಮುಟ್ಟಿದವಳು ಆ ಹುಡುಗಿ. ಅವಳ ಮಾತಿನ ಬೆಲೆಯನ್ನು ತಕ್ಷಣ ಗುರುತಿಸಬಲ್ಲವರು ಬಾಕಿ ಹಣಕ್ಕಾಗಿ ಕಾದು ಕುಳಿತ ಅನುಭವವುಳ್ಳವರು. ಆದರೆ ಅವಳ ವಿರುದ್ಧ ಮನಸ್ಸು ವಾಲಬಹುದಾದವರೂ ಅವರೇ. ಏಕೆಂದರೆ ದಂಡ ಹೆಚ್ಚಲಿ ಎಂಬುದು ಅವರ ಸ್ವಂತ ಆಸೆ. ಅನುಭವ ಒಂದು ಕಡೆಗೂ ಹಿತಾಸಕ್ತಿ ಇನ್ನೊಂದು ಕಡೆಗೂ ಎಳೆಯುವ ಇಂಥ ಗಳಿಗೆಯಲ್ಲಿ ಅನುಭವದ ಮಾತು ಕೇಳಬಲ್ಲವರು ಮಾತ್ರ ತೀರ್ಪುಗಾರರಾಗಲು ಅರ್ಹರು. ‘ನನಗೆ ಬೇಕಾದ ಮಾತನ್ನು ಯಾರು ಹೇಳಿದರು?’ ಎಂದು ಕೇಳಿಕೊಳ್ಳುವವರು ದಯವಿಟ್ಟು ಮುಖ್ಯ ಅತಿಥಿಗಳಾಗಿಯೇ ಉಳಿಯುವುದು ಮೇಲು.

ಇದರಷ್ಟೇ ಮುಖ್ಯವಾದ ಇನ್ನೊಂದು ಎಚ್ಚರಿಕೆಯಿದೆ. ವಿದ್ಯಾರ್ಥಿ ಅರ್ಧಕ್ಕೆ ಬಿಟ್ಟ ವಾದವನ್ನು ನಮ್ಮ ತಿಳಿವಳಿಕೆಯಿಂದ ಪೂರ್ಣಗೊಳಿಸಿ ಅಂಕ ಕೊಡಕೂಡದು. ಎದುರಾಳಿ ಎತ್ತದ ಆಕ್ಷೇಪಣೆಯನ್ನು ನಾವೇ ಮನಸ್ಸಿನಲ್ಲಿ ಎತ್ತಿ ಅಂಕ ಕಳೆಯಲೂ ಕೂಡದು. 1981ರಿಂದ ನಡೆದುಬಂದಿರುವ ವಿಶ್ವ ವಿಶ್ವವಿದ್ಯಾನಿಲಯಗಳ ಚರ್ಚಾ ಸ್ಪರ್ಧೆ 2014ರಲ್ಲಿ ನಮ್ಮ ನೆರೆಯ ಚೆನ್ನೈನಲ್ಲಿಯೂ ನಡೆಯಿತು. ಲೋಕದ ಆಗುಹೋಗುಗಳನ್ನು ಬಲ್ಲ, ತರ್ಕಕ್ಕೆ ತಲೆಬಾಗುವ, ಆದರೆ ವಿಷಯತಜ್ಞನಲ್ಲದ ಒಬ್ಬ ಸಾಮಾನ್ಯ ಮತದಾರನಂತೆ ಕೇಳಬೇಕೆಂಬುದು ಅಲ್ಲಿ ತೀರ್ಪುಗಾರರಿಗೆ ನೀಡುವ ಸೂಚನೆ. ತಿಳಿದವರು ತಿಳಿಯದವರಂತೆ ಕೇಳುವುದು ಸುಲಭವಲ್ಲ. ಆದರೆ ಗಿರಾಕಿಯ ದೃಷ್ಟಿಯಿಂದ ತನ್ನ ಸರಕನ್ನು ತಾನೇ ನೋಡಬಲ್ಲ ವರ್ತಕನಿಗೆ ಅದು ಅಸಾಧ್ಯವೂ ಅಲ್ಲ.

ನಮ್ಮ ಪ್ರಾಚೀನ ನ್ಯಾಯಶಾಸ್ತ್ರವೂ ಇಲ್ಲಿ ನೆರವಿಗೆ ಬರುತ್ತದೆ. ಗೌತಮನ ನ್ಯಾಯಸೂತ್ರಗಳು ವಾದ, ಜಲ್ಪ, ವಿತಂಡ ಎಂದು ಚರ್ಚೆಯಲ್ಲಿ ಮೂರು ಬಗೆಗಳನ್ನು ಹೇಳುತ್ತವೆ. ಸತ್ಯವನ್ನು ಅರಿಯಲು ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ಗುರಿಯಾದದ್ದು ವಿತಂಡ. ಸ್ಪರ್ಧೆಯೆಂದ ಮೇಲೆ ಗೆಲ್ಲುವ ಹಂಬಲ ಇದ್ದೇ ಇರುತ್ತದೆ. ಆದರೂ ತನ್ನ ಪಕ್ಷವನ್ನು ಕಾರಣಸಹಿತ ಕಟ್ಟಿ, ಎದುರಿನವರ ಬಲವಾದ ಅಂಶವನ್ನು ಎದುರಿಸಿದ ವಿದ್ಯಾರ್ಥಿಗೂ, ಕೇವಲ ಅಣಕವಾಡಿ ನಗಿಸಿದ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಅಂಕಪಟ್ಟಿಯಲ್ಲಿ ಕಾಣಬೇಕು.

ಅಂಕಗಳ ಲೆಕ್ಕಾಚಾರ

ಲೆಕ್ಕಪತ್ರ ಬಲ್ಲ ನಮ್ಮವರು ಮೊದಲು ಗಮನಿಸಬೇಕಾದದ್ದು ಅಂಕ ಕೂಡಿಸುವ ವಿಧಾನವನ್ನು. ಮೂವರು ತೀರ್ಪುಗಾರರ ಅಂಕಗಳನ್ನು ಸುಮ್ಮನೆ ಕೂಡಿಸಿದರೆ ಏನಾಗಬಹುದೆಂಬುದಕ್ಕೆ ಈ ಲೆಕ್ಕವನ್ನು ನೋಡಿರಿ. ಇಬ್ಬರು ತೀರ್ಪುಗಾರರು ಮೊದಲನೆಯ ಸ್ಪರ್ಧಿಗೆ 72, ಎರಡನೆಯ ಸ್ಪರ್ಧಿಗೆ 70 ಅಂಕ ಕೊಟ್ಟರೆಂದುಕೊಳ್ಳೋಣ. ಮೂರನೆಯವರು ಮೊದಲನೆಯವರಿಗೆ 40, ಎರಡನೆಯವರಿಗೆ 65 ಕೊಡುತ್ತಾರೆ. ಒಟ್ಟು ಮೊದಲನೆಯವರಿಗೆ 184, ಎರಡನೆಯವರಿಗೆ 205. ಮೂವರಲ್ಲಿ ಇಬ್ಬರು ಮೊದಲನೆಯವರೇ ಉತ್ತಮರೆಂದರೂ ಬಹುಮಾನ ಎರಡನೆಯವರಿಗೆ ಹೋಯಿತು. ಮೂರನೆಯವರು ಪಕ್ಷಪಾತಿಯೆಂದು ಹೇಳಬೇಕಾಗಿಲ್ಲ. ಅವರ ಅಂಕಗಳ ಹರವು ದೊಡ್ಡದು, ಅಷ್ಟೇ. ಹರವು ದೊಡ್ಡದಿರುವವರ ಕೈಯಲ್ಲಿ ಇಡೀ ತೀರ್ಪು ಸಿಕ್ಕಿಹಾಕಿಕೊಳ್ಳುತ್ತದೆ.

ಇದಕ್ಕೆ ಪರಿಹಾರವೂ ಸರಳ. 1988ರಿಂದ ನಡೆಯುತ್ತಿರುವ ವಿಶ್ವ ಶಾಲಾ ಚರ್ಚಾ ಸ್ಪರ್ಧೆಯಲ್ಲಿ ವಿಷಯಕ್ಕೆ 40, ಶೈಲಿಗೆ 40, ಕಾರ್ಯತಂತ್ರಕ್ಕೆ 20, ಹೀಗೆ ಒಟ್ಟು 100 ಅಂಕಗಳು. ಆದರೆ ಭಾಷಣಕಾರರಿಗೆ ಕೊಡುವ ಅಂಕಗಳನ್ನು 60ರಿಂದ 80ರ ನಡುವೆಯೇ ಇರಿಸಲಾಗುತ್ತದೆ. ಯಾವ ತಂಡ ಗೆದ್ದಿತೆಂಬುದನ್ನು ತೀರ್ಪುಗಾರರ ಬಹುಮತ ನಿರ್ಧರಿಸುತ್ತದೆ. ನಮ್ಮ ಸ್ಪರ್ಧೆಗಳಲ್ಲಿಯೂ ಆರಂಭಕ್ಕೆ ಮೊದಲೇ ಐದು ನಿಮಿಷ ಕುಳಿತು ಅಂಕಗಳ ಮೇಲಿನ ಮತ್ತು ಕೆಳಗಿನ ಮಿತಿಯನ್ನು ಒಪ್ಪಿಕೊಳ್ಳಬಹುದು. ಇಲ್ಲವೇ ಪ್ರತಿಯೊಬ್ಬರ ಅಂಕಗಳನ್ನು ಮೊದಲು ಸ್ಥಾನಗಳಾಗಿ ಬದಲಿಸಿ, ಆ ಸ್ಥಾನಗಳನ್ನು ಕೂಡಿಸಬಹುದು.

ಎರಡನೆಯದು ಸರದಿಯ ಸಮಸ್ಯೆ. ಮೊದಲು ಮಾತನಾಡಿದವರಿಗೆ ‘ಇನ್ನೂ ಮುಂದೆ ಉತ್ತಮರು ಬರಬಹುದು’ ಎಂದು ಕೈ ಬಿಗಿ ಹಿಡಿಯುವುದು, ಮಧ್ಯಾಹ್ನದ ಊಟದ ಹೊತ್ತಿಗೆ ಬೇಸತ್ತು ಎಲ್ಲರಿಗೂ ಒಂದೇ ಅಂಕ ಕೊಡುವುದು, ಕೊನೆಯವರ ಮಾತು ಕಿವಿಯಲ್ಲಿ ಉಳಿದಿರುವುದರಿಂದ ಅವರಿಗೆ ಕೈ ಸಡಿಲಿಸುವುದು ಸಾಮಾನ್ಯ. ಮೊದಲ ನಾಲ್ಕೈದು ಮಂದಿಯ ಅಂಕಗಳನ್ನು ಪೆನ್ಸಿಲ್ಲಿನಲ್ಲಿ ಬರೆದು, ಅರ್ಧ ಸ್ಪರ್ಧೆ ಮುಗಿದ ಮೇಲೆ ಮತ್ತೊಮ್ಮೆ ನೋಡುವುದು ಒಳ್ಳೆಯ ರೂಢಿ. ಪ್ರತಿಯೊಬ್ಬರು ಹೇಳಿದ ಎರಡು ಮುಖ್ಯ ಅಂಶಗಳನ್ನು ಕಿರ್ದಿ ಬರೆದಂತೆ ಆಗಿಂದಾಗಲೇ ಬರೆದಿಟ್ಟರೆ ಕೊನೆಯಲ್ಲಿ ನೆನಪಿಗೆ ಮೊರೆಹೋಗಬೇಕಾಗಿಲ್ಲ.

ಮೂರನೆಯದು ಭಾಷೆ. ಹುಬ್ಬಳ್ಳಿಯ ಕನ್ನಡ, ಕಲಬುರಗಿಯ ಕನ್ನಡ, ಮಂಗಳೂರಿನ ಕನ್ನಡ ಒಂದೇ ರಾಗದಲ್ಲಿ ಇರುವುದಿಲ್ಲ. ಮನೆಯಲ್ಲಿ ಉರ್ದುವನ್ನೋ ತುಳುವನ್ನೋ ತೆಲುಗನ್ನೋ ಆಡುವ ಮಗುವಿನ ಉಚ್ಚಾರಣೆಯಲ್ಲಿ ಅದರ ಛಾಯೆ ಇರುತ್ತದೆ. ಅರ್ಥ ಸ್ಪಷ್ಟವಾಗಿದ್ದರೆ ಅದಕ್ಕೆ ಅಂಕ ಕಳೆಯುವುದು ನ್ಯಾಯವಲ್ಲ. ಕನ್ನಡ, ಇಂಗ್ಲಿಷ್ ಎರಡೂ ಭಾಷೆಗಳಿಗೆ ಅವಕಾಶವಿರುವ ಸ್ಪರ್ಧೆಯಲ್ಲಿ ಇಂಗ್ಲಿಷಿನ ಸರಾಗವನ್ನು ವಿಚಾರದ ಆಳವೆಂದು ಭ್ರಮಿಸುವುದೂ, ಅದಕ್ಕೆ ವಿರುದ್ಧವಾಗಿ ಇಂಗ್ಲಿಷ್ ಮಾತನಾಡಿದ ತಪ್ಪಿಗೆ ಶಿಕ್ಷಿಸುವುದೂ ಸಲ್ಲದು. ಹಾಗೆಯೇ ಗಂಭೀರ ಧ್ವನಿ ಎಂಬ ಹೆಸರಿನಲ್ಲಿ ಗಂಡುಮಕ್ಕಳ ಗಡಸು ಕಂಠಕ್ಕೆ ಹೆಚ್ಚಿನ ಅಂಕ ಹೋಗುವುದನ್ನು ತಡೆಯಬೇಕು. ತೀರ್ಪುಗಾರರ ಮಂಡಳಿಯಲ್ಲಿ ಮಹಿಳಾ ಉದ್ಯಮಿಗಳು ಇರಬೇಕಾದುದು ಈ ಕಾರಣಕ್ಕೂ ಅಗತ್ಯ.

ನಾಲ್ಕನೆಯದು ಸಂಬಂಧ. ಕಂಪನಿಯ ನಿರ್ದೇಶಕನಿಗೆ ಒಂದು ಒಪ್ಪಂದದಲ್ಲಿ ಹಿತಾಸಕ್ತಿಯಿದ್ದರೆ ಅದನ್ನು ಮಂಡಳಿಗೆ ತಿಳಿಸಬೇಕೆಂದು 2013ರ ಕಂಪನಿ ಕಾಯಿದೆ ಹೇಳುತ್ತದೆ. ನಿಷ್ಪಕ್ಷಪಾತದ ಬಗ್ಗೆ ಸಂದೇಹ ಹುಟ್ಟಿಸುವ ಸಂಬಂಧಗಳನ್ನು ಮಧ್ಯಸ್ಥಗಾರನು ಲಿಖಿತವಾಗಿ ತಿಳಿಸಬೇಕೆಂದು 1996ರ ಮಧ್ಯಸ್ಥಿಕೆ ಮತ್ತು ರಾಜಿ ಕಾಯಿದೆ ವಿಧಿಸುತ್ತದೆ. ಅದೇ ನಿಯಮ ಇಲ್ಲಿಗೂ ಅನ್ವಯಿಸಲಿ. ನಮ್ಮ ಮನೆಯ ಮಗು, ನಾವು ಆಡಳಿತ ಮಂಡಳಿಯಲ್ಲಿರುವ ಕಾಲೇಜು, ನಾವು ಪಾರಿತೋಷಕ ಕೊಟ್ಟ ಸ್ಪರ್ಧೆ, ಈ ಮೂರರಲ್ಲಿ ತೀರ್ಪುಗಾರರಾಗಿ ಕುಳಿತುಕೊಳ್ಳಕೂಡದು.

ಕಾರಣವಿಲ್ಲದ ತೀರ್ಪು

ಸ್ಪರ್ಧೆ ಮುಗಿದ ಮೇಲೆ ನಡೆಯುವುದೇನು? ಮೂರು ಹೆಸರುಗಳನ್ನು ಓದಲಾಗುತ್ತದೆ, ಛಾಯಾಚಿತ್ರ ತೆಗೆಯಲಾಗುತ್ತದೆ, ತೀರ್ಪುಗಾರರು ಕಾರಿನತ್ತ ನಡೆಯುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು ತಾಲ್ಲೂಕು ಕೇಂದ್ರದಿಂದ ಬಂದ ವಿದ್ಯಾರ್ಥಿನಿಯ ಕೈಯಲ್ಲಿ ಭಾಗವಹಿಸಿದ ಪ್ರಮಾಣಪತ್ರವಿರುತ್ತದೆ. ತಾನು ಎಲ್ಲಿ ಸೋತೆನೆಂಬುದು ಅವಳಿಗೆ ತಿಳಿದಿರುವುದಿಲ್ಲ. ತಿಳಿಯದಿದ್ದಾಗ ಮನುಷ್ಯರು ತಾವೇ ಒಂದು ಕಾರಣವನ್ನು ಊಹಿಸಿಕೊಳ್ಳುತ್ತಾರೆ: ದೊಡ್ಡ ಕಾಲೇಜಿನವರೇ ಗೆಲ್ಲುವುದು, ನಗರದವರೇ ಗೆಲ್ಲುವುದು, ಎಲ್ಲವೂ ಮೊದಲೇ ನಿರ್ಧಾರವಾಗಿತ್ತು. ಊಹೆ ತಪ್ಪೇ ಇರಬಹುದು. ಆದರೆ ಅದನ್ನು ಅಳಿಸುವ ಒಂದು ಮಾತನ್ನೂ ಯಾರೂ ಆಡಿರುವುದಿಲ್ಲ.

ಇದರ ಪರಿಣಾಮ ವರ್ತಕರಿಗೆ ಚೆನ್ನಾಗಿ ತಿಳಿದಿದೆ. ಒಂದು ಮಂಡಿಯಲ್ಲಿ ತೂಕ ಸರಿಯಿಲ್ಲವೆಂಬ ಮಾತು ಒಮ್ಮೆ ಹಬ್ಬಿದರೆ ರೈತರು ವಾದಕ್ಕೆ ನಿಲ್ಲುವುದಿಲ್ಲ. ಮುಂದಿನ ಸಲ ಗಾಡಿಯನ್ನು ಬೇರೆ ಊರಿಗೆ ತಿರುಗಿಸುತ್ತಾರೆ. ಅದಕ್ಕಾಗಿಯೇ ಕಾನೂನು ಮಾಪನಶಾಸ್ತ್ರ ಇಲಾಖೆಯವರು ನಮ್ಮ ತಕ್ಕಡಿ, ತೂಕದ ಬಟ್ಟುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಚರ್ಚಾ ಸ್ಪರ್ಧೆಯ ತಕ್ಕಡಿಗೆ ಅಂಥ ಮುದ್ರೆಯಿಲ್ಲ. ತೀರ್ಪಿನ ಮೇಲೆ ನಂಬಿಕೆ ಕಳೆದುಕೊಂಡ ವಿದ್ಯಾರ್ಥಿ ಮುಂದಿನ ವರ್ಷ ವೇದಿಕೆಗೆ ಬರುವುದಿಲ್ಲ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಕಾರಣ ಕೊಟ್ಟು ಒಪ್ಪಿಸುವುದರಿಂದ ಈ ಲೋಕದಲ್ಲಿ ಪ್ರಯೋಜನವಿಲ್ಲ, ಬಲ ಮತ್ತು ಪರಿಚಯವೇ ಕೆಲಸ ಮಾಡುವುದು ಎಂಬ ಪಾಠವನ್ನು ಕಲಿತು ಹೊರಬೀಳುತ್ತಾರೆ. ನಾಳೆ ಅವರೇ ನಮ್ಮ ನೌಕರರು, ಅಧಿಕಾರಿಗಳು, ಜನಪ್ರತಿನಿಧಿಗಳು.

ಆದ್ದರಿಂದ ತೀರ್ಪಿಗೆ ಕಾರಣ ಕೊಡುವುದು ತೀರ್ಪುಗಾರರ ಕರ್ತವ್ಯದ ಅರ್ಧ ಭಾಗ. ಪಕ್ಷಗಾರರೇ ಬೇಡವೆಂದು ಒಪ್ಪಿಕೊಂಡ ಸಂದರ್ಭದಂಥ ಕೆಲವು ವಿನಾಯಿತಿಗಳ ಹೊರತು, ಮಧ್ಯಸ್ಥಿಕೆಯ ತೀರ್ಪಿನಲ್ಲಿಯೂ ಕಾರಣಗಳಿರಬೇಕೆಂದು ಕಾನೂನು ಹೇಳುತ್ತದೆ. ಬಹುಮಾನ ಪ್ರಕಟಣೆಗೆ ಮೊದಲು ಹತ್ತು ನಿಮಿಷ ತೆಗೆದುಕೊಂಡು ಗೆದ್ದವರು ಏಕೆ ಗೆದ್ದರೆಂದು ಹೇಳಬೇಕು. ಉಳಿದ ಪ್ರತಿಯೊಬ್ಬರಿಗೂ ಒಂದು ಚೀಟಿಯಲ್ಲಿ ಎರಡು ವಾಕ್ಯ: ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಿಕೊಳ್ಳಬೇಕು. ‘ನಿಮ್ಮ ಎರಡನೆಯ ಅಂಶ ಬಲವಾಗಿತ್ತು, ಆದರೆ ವಿರೋಧ ಪಕ್ಷದವರು ಎತ್ತಿದ ವೆಚ್ಚದ ಪ್ರಶ್ನೆಗೆ ಉತ್ತರಿಸಲಿಲ್ಲ’ ಎಂಬಷ್ಟು ನಿರ್ದಿಷ್ಟವಾಗಿರಲಿ. ‘ಇನ್ನೂ ಚೆನ್ನಾಗಿ ಪ್ರಯತ್ನಿಸಿ’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ಅಂಕಿ ಅಂಶವನ್ನು ತಪ್ಪಾಗಿ ಹೇಳಿದ್ದರೆ ಅದನ್ನೂ ಸಭೆಯಲ್ಲಿ ಅವಮಾನವಾಗದಂತೆ ಚೀಟಿಯಲ್ಲಿಯೇ ತಿಳಿಸಬಹುದು.

ಕೆಲವು ಆಕ್ಷೇಪಣೆಗಳು

ಸಮಯವಿಲ್ಲ ಎಂಬುದು ಮೊದಲ ಆಕ್ಷೇಪಣೆ. ವರ್ಷಕ್ಕೆ ಎರಡು ಅರ್ಧ ದಿನಗಳನ್ನು ಕೊಡಲಾಗದಷ್ಟು ಬಿಡುವಿಲ್ಲದವರು ನಮ್ಮಲ್ಲಿ ಕಡಿಮೆ. ಸನ್ಮಾನ ಸಮಾರಂಭಗಳಲ್ಲಿ ನಾವು ಕಾಯುತ್ತ ಕುಳಿತುಕೊಳ್ಳುವ ಹೊತ್ತನ್ನು ಲೆಕ್ಕ ಹಾಕಿದರೆ ಸಾಕು.

ನಮಗೆ ಓದು ಸಾಲದು ಎಂಬುದು ಎರಡನೆಯದು. ಮಂಡಳಿಯಲ್ಲಿ ಮೂವರೂ ವ್ಯಾಪಾರಿಗಳೇ ಇರಬೇಕೆಂದು ಯಾರೂ ಹೇಳುತ್ತಿಲ್ಲ. ಭಾಷೆಯ ಸೊಗಸನ್ನೂ ಮಂಡನೆಯ ಕ್ರಮವನ್ನೂ ಅಧ್ಯಾಪಕರು ನಮಗಿಂತ ಚೆನ್ನಾಗಿ ಬಲ್ಲರು. ಒಬ್ಬ ಅಧ್ಯಾಪಕ, ಒಬ್ಬ ವಕೀಲ, ಒಬ್ಬ ಉದ್ಯಮಿ ಕುಳಿತ ಮಂಡಳಿ ಒಂದೇ ವೃತ್ತಿಯ ಮೂವರು ಕುಳಿತ ಮಂಡಳಿಗಿಂತ ಮೇಲು. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ತೀರ್ಪು ಕೊಟ್ಟರೆ ನಿಷ್ಠುರವಾಗುತ್ತದೆ, ಊರಿನ ಕಾಲೇಜುಗಳೆಲ್ಲ ನಮ್ಮ ಗಿರಾಕಿಗಳು ಎಂಬುದು ಮೂರನೆಯದು. ಇದು ನಿಜವಾದ ತೊಡಕು. ಇದಕ್ಕೆ ಉತ್ತಮ ಉಪಾಯವೆಂದರೆ ನೆರೆಯ ತಾಲ್ಲೂಕಿಗೆ ಹೋಗಿ ಸೇವೆ ಸಲ್ಲಿಸುವುದು, ಹಾಗೂ ಅಲ್ಲಿಯ ಸದಸ್ಯರನ್ನು ನಮ್ಮ ಊರಿಗೆ ಬರಮಾಡಿಕೊಳ್ಳುವುದು. ಕಾರಣಸಹಿತವಾದ ತೀರ್ಪಿಗೆ ನಿಷ್ಠುರವೂ ಕಡಿಮೆ.

ನಮ್ಮ ಸಂಸ್ಥೆ ಮಾಡಬಹುದಾದದ್ದು

ಈ ಕೆಲಸಕ್ಕೆ ದೊಡ್ಡ ಹಣವೇನೂ ಬೇಡ. ತೀರ್ಪುಗಾರರಾಗಲು ಒಪ್ಪುವ ಸದಸ್ಯರ ಪಟ್ಟಿಯೊಂದನ್ನು, ಅವರು ಬಲ್ಲ ಭಾಷೆ ಮತ್ತು ಅವರ ಉದ್ಯಮದ ವಿವರದೊಡನೆ, ನಮ್ಮ ಕಾರ್ಯಾಲಯ ಸಿದ್ಧಪಡಿಸಿ ಕಾಲೇಜುಗಳಿಗೆ ಕಳುಹಿಸಲಿ. ಅನುಭವೀ ಅಧ್ಯಾಪಕರನ್ನೂ ಹಿಂದೆ ಚರ್ಚಾಪಟುಗಳಾಗಿದ್ದವರನ್ನೂ ಕರೆಸಿ ವರ್ಷಕ್ಕೊಮ್ಮೆ ಅರ್ಧ ದಿನದ ಕಾರ್ಯಾಗಾರ ನಡೆಸಲಿ. ಅಲ್ಲಿ ಎರಡು ಮಾದರಿ ಚರ್ಚೆಗಳನ್ನು ಕೇಳಿಸಿ, ಪ್ರತಿಯೊಬ್ಬರೂ ಅಂಕ ಹಾಕಿ, ಏಕೆ ಹಾಕಿದೆವೆಂದು ವಿವರಿಸಬೇಕು. ಸಂಬಂಧವಿರುವ ಸ್ಪರ್ಧೆಯಿಂದ ದೂರವಿರುತ್ತೇನೆ, ತೀರ್ಪಿಗೆ ಕಾರಣ ಕೊಡುತ್ತೇನೆ ಎಂಬ ಎರಡು ಮಾತುಗಳಿಗೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸಹಿ ಹಾಕಲಿ. ಪಾರಿತೋಷಕಕ್ಕೆ ಹಣ ಕೇಳಿ ಬರುವ ಕಾಲೇಜುಗಳಿಗೆ ನಾವೂ ಒಂದು ಕೋರಿಕೆ ಮುಂದಿಡೋಣ: ಪ್ರತಿ ಸ್ಪರ್ಧಿಗೂ ಎದುರು ಪಕ್ಷದಿಂದಲೋ ತೀರ್ಪುಗಾರರಿಂದಲೋ ಒಂದು ಪ್ರಶ್ನೆ, ಅದಕ್ಕೆ ಉತ್ತರಿಸಲು ಒಂದು ನಿಮಿಷ. ಸ್ಪರ್ಧಿಗಳ ಸಂಖ್ಯೆ ಹೆಚ್ಚಾಗಿದ್ದರೆ ಅಂತಿಮ ಸುತ್ತಿನಲ್ಲಾದರೂ ಇದು ಇರಲಿ. ಕಂಠಪಾಠ ಎಲ್ಲಿ ಮುಗಿದು ಆಲೋಚನೆ ಎಲ್ಲಿ ಆರಂಭವಾಗುತ್ತದೆಂಬುದು ಆ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಐವತ್ತು ಸದಸ್ಯರು ವರ್ಷಕ್ಕೆ ಎರಡು ಸಲ ಕುಳಿತರೆ ನೂರು ಸ್ಪರ್ಧೆಗಳಲ್ಲಿ ತಲಾ ಒಬ್ಬ ಉದ್ಯಮಿ ತೀರ್ಪುಗಾರರಿರುತ್ತಾರೆ. ಒಂದೊಂದರಲ್ಲಿ ನಲವತ್ತು ಮಂದಿ ಮಾತನಾಡಿದರೆ ನಾಲ್ಕು ಸಾವಿರ ವಿದ್ಯಾರ್ಥಿ ಭಾಷಣಗಳಿಗೆ ನಾಲ್ಕು ಸಾವಿರ ಚೀಟಿಗಳು. ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ಜನರನ್ನು ಮುಟ್ಟುವ ಬೇರೊಂದು ಸೇವಾ ಕಾರ್ಯ ನಮ್ಮ ಸಂಸ್ಥೆಗೆ ಸುಲಭವಾಗಿ ದೊರೆಯಲಾರದು.

ಈ ವರ್ಷವೂ ಕಾಲೇಜುಗಳಿಂದ ಪತ್ರಗಳು ಬರುತ್ತವೆ. ನಮ್ಮ ಊರಿನ ಸ್ಪರ್ಧೆಗೆ ಪಾರಿತೋಷಕದ ಚೆಕ್ಕು ಎಂದಿನಂತೆ ಹೋಗಲಿ. ಅದರೊಡನೆ ನೆರೆಯ ತಾಲ್ಲೂಕಿನ ಯಾವುದಾದರೊಂದು ಕಾಲೇಜಿಗೆ ಸದಸ್ಯ ಬಾಂಧವರು ಒಂದು ಪತ್ರವನ್ನು ತಾವಾಗಿಯೇ ಬರೆಯಬೇಕೆಂದು ಕೋರುತ್ತೇನೆ: ತಮ್ಮ ಚರ್ಚಾ ಸ್ಪರ್ಧೆಗೆ ತೀರ್ಪುಗಾರರು ಬೇಕಾಗಿದ್ದಲ್ಲಿ, ಬಂದು ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.